ದೊಡ್ಡಕಾಯಿ ಮರದ ಗುರುತು

ಯಂತ್ರ ‘ಹೌದು, ಇದು ಅದೇ ಮರ’ ಎಂದ ದಿನ ನಮ್ಮ ಮೇಲ್ಗುಡ್ಡದ ಕೇಂದ್ರದಲ್ಲಿ ಯಾರೂ ಕೆಲಸ ಮಾಡಲಿಲ್ಲ. ನಿರ್ದೇಶಕ ಬೋಪಯ್ಯನವರು, ನಗುವುದಕ್ಕೂ ಲೆಕ್ಕ ಇಡುವಂಥ ಮನುಷ್ಯ, ತಾವೇ ಕ್ಯಾಂಟೀನಿಗೆ ಹೋಗಿ ಎಲ್ಲರಿಗೂ ಕೇಸರಿಬಾತ್ ಮಾಡಿಸಿ ಎಂದು ಹೇಳಿ ಬಂದರು. ನಾನು ಮಾತ್ರ ನಿಯಂತ್ರಣ ಕೊಠಡಿಯ ಕುರ್ಚಿಯಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ಸಂತೋಷಕ್ಕೇ ಅತ್ತದ್ದು. ನನ್ನ ಗಂಡ ಬದುಕಿಕೊಂಡರಲ್ಲ ಎಂದು ಅತ್ತದ್ದು.

ಮರಕ್ಕೂ ನಿನ್ನ ಗಂಡನಿಗೂ ಏನು ಸಂಬಂಧವೇ ತಾಯಿ ಎಂದು ನೀವು ಕೇಳಬಹುದು. ಹೇಳುತ್ತೇನೆ, ಸ್ವಲ್ಪ ತಾಳಿ.

ಆ ಹೊತ್ತಿಗೆ ಬಯಲಿನ ಬಿಸಿಲು ಮನುಷ್ಯರು ತಡೆದುಕೊಳ್ಳುವ ಬಿಸಿಲಾಗಿ ಉಳಿದಿರಲಿಲ್ಲ. ಶಿವರಾತ್ರಿ ಕಳೆಯಿತೆಂದರೆ ಮೈಸೂರು, ನಂಜನಗೂಡು, ಗುಂಡ್ಲುಪೇಟೆಯ ಜನ ಹಗಲಿಡೀ ತಂಪುಮನೆಗಳಲ್ಲಿ ಕೂರಬೇಕು. ತಂಪುಮನೆ ಎಂದರೆ ಸರ್ಕಾರ ನೆಲದಡಿಯಲ್ಲಿ ಕಟ್ಟಿಸಿದ ದೊಡ್ಡ ಹಾಲ್, ಯಂತ್ರದಿಂದ ತಂಪು ಮಾಡುವುದು. ಕರೆಂಟು ಇದ್ದರೆ ಸೈ. ಹೋದರೆ ಎಲ್ಲರಿಗೂ ಬೆವರು ಧಾರಾಕಾರ ಹರಿಯುತ್ತದೆ, ಬೆವರಿದವರು ಹೇಗೋ ಸಂಜೆ ಮುಟ್ಟುತ್ತಾರೆ. ನಮ್ಮ ಯಜಮಾನರು ಬೆವರುವುದಿಲ್ಲ. ಹುಟ್ಟಿನಿಂದ ಹಾಗಲ್ಲ. ಮಹದೇವಪ್ರಸಾದ್ ಎಂದರೆ ಗುಂಡ್ಲುಪೇಟೆ ಡಿಪೋದಲ್ಲಿ ಒಳ್ಳೆಯ ಡ್ರೈವರ್ ಎಂದು ಹೆಸರು. ಒಂದು ಬೇಸಿಗೆ ಮಟಮಟ ಮಧ್ಯಾಹ್ನ ಬಸ್ಸು ರಸ್ತೆಯಲ್ಲೇ ಕೆಟ್ಟು ನಿಂತಿತು. ಪ್ರಯಾಣಿಕರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೇರೆ ಗಾಡಿಗೆ ಹತ್ತಿಸಿ ಕೊನೆಗೆ ಇವರೇ ಕುಸಿದರು. ಜೀವ ಉಳಿಯಿತು, ಆದರೆ ಬಿಸಿಲು ಬಡಿದ ಮೈ ಬೆವರುವುದನ್ನೇ ಮರೆತುಬಿಟ್ಟಿತು. ಕೆಳಗಿದ್ದರೆ ಇನ್ನೊಂದು ಬೇಸಿಗೆ ದಾಟುವುದಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು.

ಬೆಟ್ಟದ ಮೇಲೆ ತಂಪಿದೆ. ಆದರೆ ಬೆಟ್ಟ ಹತ್ತಲು ಪರವಾನಗಿ ಬೇಕು, ಬೆಟ್ಟ ಮಂಡಳಿಯವರು ಕೊಡುವುದು. ಅಲ್ಲಿ ಕೆಲಸವಿದ್ದವರಿಗೆ, ಅವರ ಮನೆಯವರಿಗೆ ಮಾತ್ರ. ನಾನು ಸಸ್ಯಶಾಸ್ತ್ರ ಓದಿದವಳು. ನೀಲಗಿರಿಯ ನೆತ್ತಿಯಲ್ಲಿ ಮೇಲ್ಗುಡ್ಡ ಎಂಬ ಹಳೆಯ ತೋಟದಲ್ಲಿ ಕೇಂದ್ರವೊಂದನ್ನು ತೆರೆಯುತ್ತಾರೆಂದು ಗೊತ್ತಾದದ್ದೇ ತಡ, ಕಂಡ ಕಂಡವರ ಕೈಕಾಲು ಹಿಡಿದು ಕೆಲಸ ಗಿಟ್ಟಿಸಿದೆ. ಆ ಕೇಂದ್ರ ಇದ್ದದ್ದೇ ಒಂದು ಮರಕ್ಕಾಗಿ. ಆ ಮರ ‘ಅದೇ’ ಆಗಿದ್ದರೆ ಕೇಂದ್ರ ಉಳಿಯುತ್ತದೆ, ನಮ್ಮ ಪರವಾನಗಿ ಉಳಿಯುತ್ತದೆ, ಇವರು ಉಳಿಯುತ್ತಾರೆ. ಅಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಮರದ ಪರಿಚಯ ಮಾಡಿಕೊಡಬೇಕು. ತೋಟದ ಮೂಲೆಯಲ್ಲಿ ಒಂಟಿಯಾಗಿ ನಿಂತ ಸ್ಪ್ರೂಸ್. ಬಂದವರೆಲ್ಲ “ಓ, ಕ್ರಿಸ್‌ಮಸ್ ಟ್ರೀ!” ಎನ್ನುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು. ಸ್ಪ್ರೂಸನ್ನು ಗುರುತಿಸುವುದು ಮಕ್ಕಳಾಟ. ಒಂದು ಸೂಜಿಯೆಲೆ ಕಿತ್ತು ಎರಡು ಬೆರಳ ನಡುವೆ ಹೊರಳಿಸಿ. ನಾಲ್ಕು ಮೈಯಿದ್ದು ಸಲೀಸಾಗಿ ಉರುಳಿದರೆ ಸ್ಪ್ರೂಸ್, ಚಪ್ಪಟೆ ಮಲಗಿದರೆ ಬಹುಮಟ್ಟಿಗೆ ಬೇರೆ ಯಾವುದೋ. ಎಲೆ ಉದುರಿದ ಕಡ್ಡಿ ಸವರಿದರೆ ತುರಿಮಣೆ ಮುಟ್ಟಿದ ಹಾಗಿರುತ್ತದೆ, ಏಕೆಂದರೆ ಪ್ರತಿ ಎಲೆಯೂ ತನ್ನ ಬುಡದ ಮೊಳೆಯನ್ನು ಕಡ್ಡಿಯಲ್ಲೇ ಬಿಟ್ಟು ಹೋಗುತ್ತದೆ. ಇಷ್ಟೇ. ಆದರೆ ಯಾವ ಸ್ಪ್ರೂಸ್ ಎಂದು ಕೇಳಿದಿರೋ, ತಲೆನೋವು ಶುರುವಾಯಿತು. ಚೀನಾದ ಬೆಟ್ಟಗಳಲ್ಲೇ ಇದರ ದಾಯಾದಿಗಳು ಹಲವಾರು. ಎಲೆ, ತೊಗಟೆ, ಮೊಗ್ಗು ನೋಡಿ ಹೇಳಹೊರಟರೆ ಎಂಥ ಪಂಡಿತರೂ ಬೇಸ್ತು ಬೀಳುತ್ತಾರೆ.

ನಮಗೆ ಬೇಕಾಗಿದ್ದದ್ದು ದೊಡ್ಡಕಾಯಿ ಸ್ಪ್ರೂಸ್. ಚೀನೀಯರು ಅದಕ್ಕಿಟ್ಟ ಹೆಸರಿನ ಅರ್ಥವೂ ಸುಮಾರು ಅದೇ. ಮಧ್ಯ ಚೀನಾದ ಕಡಿದಾದ ಗುಡ್ಡಗಳಲ್ಲಿ ಹಿಂದೆ ಅಲ್ಲೊಂದು ಇಲ್ಲೊಂದು ಇತ್ತಂತೆ. ಮನೆಯ ತೊಲೆಗೆಂದು ಕಡಿದು ಕಡಿದು ಮುಗಿಸಿದರು. ಆಮೇಲೆ ಕಾಂಡ ಒಣಗಿಸುವ ಬೂಷ್ಟುರೋಗ ಬಂದು ಉಳಿದೆಲ್ಲ ಜಾತಿಯ ಸ್ಪ್ರೂಸ್ ಕಾಡುಗಳು ಬೋಳಾದವು. ಬೇರಿನ ಹಿಡಿತ ತಪ್ಪಿದ ಗುಡ್ಡಗಳು ಮಳೆಗೊಂದೊಂದು ಜಾರತೊಡಗಿದವು. ಆ ರೋಗ ತಟ್ಟದ ಒಂದೇ ಜಾತಿ ಈ ದೊಡ್ಡಕಾಯಿಯದು ಎಂದು, ಹಿಂದೊಮ್ಮೆ ಇದೇ ರೋಗ ಬಂದಾಗಿನ ಹಳೆಯ ದಾಖಲೆಗಳನ್ನು ಓದಿದವರಿಗೆ ತಿಳಿದಾಗ ಅದರ ಒಂದು ಮರವೂ ಬದುಕಿರಲಿಲ್ಲ. ಪ್ರಪಂಚದ ಹಳೆಯ ತೋಟಗಳಲ್ಲೆಲ್ಲಾದರೂ ಒಂದು ಉಳಿದಿದೆಯೇ ಎಂದು ಹುಡುಕಾಟ ನಡೆಯಿತು. ಹಾಗೆ ಹುಡುಕುವಾಗ ನಮ್ಮ ತೋಟದ ಮರ, ಅದರ ಬುಡದಲ್ಲಿ ಯಾರೋ ಎಂದೋ ನೆಟ್ಟ ‘ದೊಡ್ಡಕಾಯಿ’ ಎಂಬ ಫಲಕ, ಎರಡೂ ಕಣ್ಣಿಗೆ ಬಿದ್ದವು.

ಫಲಕವನ್ನು ನಂಬುವ ಹಾಗಿಲ್ಲ. ಕಾಯಿ ಒಂದು ಸಿಕ್ಕಿದ್ದರೆ ಹತ್ತು ನಿಮಿಷದ ಕೆಲಸ. ಆ ಕಾಯಿಯ ಉದ್ದ, ದಪ್ಪ, ಅದರ ಅಗಲವಾದ ಗಟ್ಟಿ ಪದರಗಳ ಆಕಾರ, ಎಲ್ಲವನ್ನೂ ಹಳಬರು ಅಚ್ಚುಕಟ್ಟಾಗಿ ವರ್ಣಿಸಿಟ್ಟಿದ್ದಾರೆ. ಆದರೆ ನಮ್ಮ ಮಹಾರಾಯ ಹುಟ್ಟಿದಾಗಿನಿಂದ ಕಾಯಿ ಬಿಟ್ಟವನೇ ಅಲ್ಲ. ಬೆಟ್ಟವೂ ಬಿಸಿಯೇರುತ್ತಿದ್ದದ್ದರಿಂದ ಮರ ಸೊರಗುತ್ತಿತ್ತು. ಅದಕ್ಕೊಂದು ದೊಡ್ಡ ಗುಡಾರ ಹೊದಿಸಿ, ತಂಪು ಗಾಳಿ ಹಾಯಿಸಿ, ಐಸಿಯುನಲ್ಲಿಟ್ಟ ಅಜ್ಜನ ಹಾಗೆ ಸಾಕುತ್ತಿದ್ದೆವು. ಅದರ ತುದಿಗಳಿಂದ ಪ್ರಯೋಗಶಾಲೆಯಲ್ಲಿ ಸಸಿಗಳನ್ನೂ ಎಬ್ಬಿಸುತ್ತಿದ್ದೆವು. ಸಸಿಗೆ ರೋಗ ಹಚ್ಚಿ ನೋಡಬಹುದಲ್ಲ ಎಂದರೆ ಅದೂ ಆಗದು. ಆ ರೋಗ ತಗಲುವುದೇ ಕಾಂಡ ಬಲಿತು ನಾಲ್ಕಾರು ವರ್ಷವಾದ ಮೇಲೆ.

ಉಳಿದದ್ದು ಯಂತ್ರ. ನಾವು ಅದನ್ನು ‘ಮೂಗು’ ಎನ್ನುತ್ತಿದ್ದೆವು. ಮರದ ಅಂಟಿನಿಂದ ಏಳುವ ಘಮಲನ್ನು ಅದು ಎಳೆದುಕೊಂಡು ಬಿಡಿಸಿ ನೋಡುತ್ತದೆ, ಜೊತೆಗೆ ಎಲೆಯ ಜೀವಕಣದ ಒಳಗಿನ ಬರಹವನ್ನೂ ಓದುತ್ತದೆ. ಓದಿದ್ದನ್ನು ಪ್ರಪಂಚದ ಮಾದರಿ ಭಂಡಾರದ ಜೊತೆ ತಾಳೆ ಹಾಕುತ್ತದೆ. ದೊಡ್ಡಕಾಯಿಯ ಮಾದರಿ ಭಂಡಾರದಲ್ಲಿ ಇದ್ದದ್ದು ಒಂದೇ: ಒಣಗಿದ ಎಲೆಯ ಚಿಕ್ಕ ಪೊಟ್ಟಣ. ಮೂಗು ತಾಳೆ ಹಾಕಿ ನೂರಕ್ಕೆ ನೂರು ಎಂದಿತು. ನಾನು ಅತ್ತೆ.

ಅವತ್ತು ಮಧ್ಯಾಹ್ನ ಚೀನಾದಿಂದ, ನಮ್ಮ ಸಸಿಗಳಿಗಾಗಿ ಕಾದಿದ್ದ ತಂಡದ ಲೋ ವೆನ್ ಪರದೆಯ ಮೇಲೆ ಬಂದಳು. ನನ್ನದೇ ವಯಸ್ಸು, ನನ್ನ ಹಾಗೇ ಕೂದಲು ಅರ್ಧ ಬೆಳ್ಳಗೆ. ಅವಳ ಊರು ಅಂಥದೊಂದು ಬೋಳುಗುಡ್ಡದ ಬುಡದಲ್ಲಿತ್ತು. ನಮ್ಮ ನಡುವೆ ಅನುವಾದ ಯಂತ್ರವಿತ್ತು, ಅದು ಅವಳ ಬಾಯಲ್ಲಿ ಶುದ್ಧ ಗ್ರಾಂಥಿಕ ಕನ್ನಡ ಆಡಿಸುತ್ತಿತ್ತು.

“ಸೋದರಿ ದಾಕ್ಷಾಯಿಣಿ, ನಮ್ಮ ಗ್ರಾಮಸ್ಥರು ಆನಂದತುಂದಿಲರಾಗಿದ್ದಾರೆ,” ಎಂದಳು. “ಸಸಿಗಳು ಬರುವುವೆಂದಾದರೆ ನಾವು ಇಲ್ಲಿಯೇ ಉಳಿದು ಗುಡ್ಡಕ್ಕೆ ಅವುಗಳನ್ನು ನೆಡುವೆವು. ಬಾರದಿದ್ದಲ್ಲಿ ಗ್ರಾಮವನ್ನು ತೆರವುಗೊಳಿಸಲು ಆಜ್ಞೆಯಾಗಿತ್ತು. ನನ್ನ ತಾಯಿಯು ಗಂಟು ಕಟ್ಟಿದ್ದ ಪಾತ್ರೆಗಳನ್ನು ಪುನಃ ಬಿಚ್ಚಿದ್ದಾಳೆ.”

“ಹೊಟ್ಟೆ ತುಂಬಾ ಉಂಡು ಮಲ್ಕೊಳ್ಳೋಕೆ ಹೇಳಮ್ಮ ನಿಮ್ಮಮ್ಮಂಗೆ,” ಎಂದೆ. ಯಂತ್ರ ಅದನ್ನು ಏನೆಂದು ಹೇಳಿತೋ, ಅವಳು ನಕ್ಕಳು.

ಆ ವಾರವೇ ಗೌರಿ ಹಬ್ಬ ಬಂತು. ಕ್ವಾರ್ಟರ್ಸ್ ಹೆಂಗಸರೆಲ್ಲ ಎಂದಿಗಿಂತ ಜೋರಾಗಿ ಹಬ್ಬ ಮಾಡಿದರು. ಪಕ್ಕದ ಮನೆಯ ಮಂಗಳಕ್ಕ, ಸ್ಟೋರ್ಸ್ ನೋಡಿಕೊಳ್ಳುವವರ ಹೆಂಡತಿ, ಕರೆದು ಮೊರದ ಬಾಗಿನ ಕೊಟ್ಟರು. ಮನೆಗೆ ತಂದು ಬಿಚ್ಚಿದೆ. ಬಳೆ, ಬಿಚ್ಚೋಲೆ, ಧಾನ್ಯ, ಅದರಡಿ ಒಂದು ಹಸಿರು ರವಿಕೆ ಕಣ. ಕಣ ನೋಡಿದವಳಿಗೆ ನಗು ತಡೆಯಲಾಗಲಿಲ್ಲ.

“ರೀ, ಬನ್ನಿ ಇಲ್ಲಿ! ಇದನ್ನ ನೋಡಿ!”

ಯಜಮಾನರು ಅಡುಗೆಮನೆಯಿಂದ ಹೊರಬಂದರು. ಬೆಟ್ಟಕ್ಕೆ ಬಂದ ಮೇಲೆ ಮನೆಯ ಅಡುಗೆ ಅವರದ್ದೇ. ಕೈಗೆಲ್ಲ ಕಡುಬಿನ ಹಿಟ್ಟು ಅಂಟಿತ್ತು.

“ಏನಾಯ್ತೇ? ಒಳ್ಳೆ ಬಟ್ಟೆನೇ ಕೊಟ್ಟವ್ರಲ್ಲ.”

“ಇದು ನಾನೇ ಕೊಟ್ಟಿದ್ದ ಬಟ್ಟೆ ಕಣ್ರೀ! ಮೂಲೇಲಿ ನೋಡಿ, ಇಸ್ತ್ರಿ ಪೆಟ್ಟಿಗೆ ತಾಗಿ ಕಂದಿರೋದು. ಎಷ್ಟೋ ವರ್ಷದ ಹಿಂದೆ ಯಾರಿಗೋ ಕೊಟ್ಟಿದ್ದೆ. ಅವ್ರು ಇನ್ಯಾರಿಗೋ ಕೊಟ್ರು, ಅವ್ರು ಮತ್ತಿನ್ಯಾರಿಗೋ. ಒಬ್ರಾದ್ರೂ ಹೊಲಿಸ್ಕೊಂಡಿದಾರಾ ನೋಡಿ!”

“ಮಂಗಳಕ್ಕಂಗೆ ಗೊತ್ತಾ ನಿಂದೇ ಅಂತ?”

“ಅವ್ರಿಗೆಲ್ಲಿ ಗೊತ್ತಾಗ್ಬೇಕು. ಯಾರೋ ಕೊಟ್ರು, ಎತ್ತಿಟ್ಟಿದ್ರು, ನಂಗೆ ಕೊಟ್ರು. ಕೈಯಿಂದ ಕೈಗೆ ಹೋಗ್ತಾ ಯಾರು ಮೊದ್ಲು ಕೊಟ್ಟಿದ್ದು ಅನ್ನೋದೇ...”

ಇಸ್ತ್ರಿಯ ಕಲೆಯ ಮೇಲೆ ಬೆರಳಿಟ್ಟುಕೊಂಡು ನಾನು ಹಾಗೇ ಕುಳಿತೆ.

ತೋಟಗಳ ನಡುವೆಯೂ ಹೀಗೊಂದು ಕೊಟ್ಟು ತೆಗೆದುಕೊಳ್ಳುವ ಪದ್ಧತಿ ಉಂಟು. ಒಂದು ದೇಶದ ಸಸ್ಯೋದ್ಯಾನ ಇನ್ನೊಂದಕ್ಕೆ ಬೀಜ, ಎಲೆ, ಕಡ್ಡಿ ಕಳಿಸುತ್ತದೆ. ಕಳಿಸುವವರು ತಮ್ಮ ಫಲಕದ ಮೇಲಿದ್ದ ಹೆಸರನ್ನೇ ಬರೆದು ಕಳಿಸುತ್ತಾರೆ. ಪಡೆದವರು ಮರ್ಯಾದೆಯಿಂದ ಅದನ್ನೇ ನಂಬಿ ಎತ್ತಿಡುತ್ತಾರೆ, ಒಂದಿಷ್ಟು ಮುರಿದು ಮತ್ತೊಬ್ಬರಿಗೆ ಕೊಡುತ್ತಾರೆ. ಕೊಟ್ಟವರನ್ನು ಹೆಸರು ಖಾತ್ರಿಯೇ ಎಂದು ಕೇಳುವುದು ಅವಮರ್ಯಾದೆ. ಬಾಗಿನ ಕೊಟ್ಟವರನ್ನು ಬಟ್ಟೆ ಎಲ್ಲಿಯದು ಎಂದು ನಾವು ಕೇಳುತ್ತೇವೆಯೇ?

ಹಬ್ಬದ ಊಟವನ್ನೂ ಮಾಡದೆ ಕೇಂದ್ರಕ್ಕೆ ಓಡಿದೆ. ನಿಯಂತ್ರಣ ಕೊಠಡಿಯಲ್ಲಿ ಯಾರೂ ಇರಲಿಲ್ಲ. ಮೂಗಿನ ಫಲಿತಾಂಶವನ್ನು ತೆರೆದು, ‘ಎಷ್ಟು ಹೊಂದುತ್ತದೆ’ ಎಂಬುದನ್ನು ಬಿಟ್ಟು, ‘ಎಲ್ಲಿ ಹೊಂದುವುದಿಲ್ಲ’ ಎಂದು ಹುಡುಕಿದೆ. ಒಂದೇ ತಾಯಿಯ ಮಕ್ಕಳಲ್ಲೂ ವ್ಯತ್ಯಾಸ ಇದ್ದೇ ಇರುತ್ತದೆ. ಅದೂ ಹೋಗಲಿ ಎಂದರೆ, ಮರ ಬೆಳೆಯುತ್ತ ಹೋದಂತೆ ಅದರ ಜೀವಕಣದ ಬರಹದಲ್ಲಿ ಸಣ್ಣ ಸಣ್ಣ ತಪ್ಪುಗಳು ಸೇರುತ್ತವೆ. ಅವು ಆ ಮರಕ್ಕೇ ಸೇರಿದವು, ನನ್ನ ಕುತ್ತಿಗೆಯ ಮಚ್ಚೆ ನನ್ನದೇ ಆಗಿರುವ ಹಾಗೆ. ಭಂಡಾರದ ಮಾದರಿಯಲ್ಲಿ ನಮ್ಮ ಮರದ ಮಚ್ಚೆಗಳೆಲ್ಲ ಇದ್ದವು. ಒಂದೂ ಬಿಟ್ಟಿರಲಿಲ್ಲ.

ಆ ಪೊಟ್ಟಣದ ಎಲೆ ಚೀನಾದ ಕಾಡಿನದಲ್ಲ. ನಮ್ಮ ತೋಟದ್ದು, ಇದೇ ಮರದ್ದು. ಎಂದೋ ಇಲ್ಲಿಂದ ಯಾರೋ ಕಳಿಸಿದ ರೆಂಬೆ ತೋಟದಿಂದ ತೋಟಕ್ಕೆ ಹೋಗಿ ಕೊನೆಗೆ ಪ್ರಪಂಚದ ಮಾದರಿಯಾಗಿ ಕುಳಿತಿತ್ತು. ಯಂತ್ರ ನಮಗೆ ಹೇಳಿದ್ದು ಇಷ್ಟೇ: ನಿಮ್ಮ ಮರ ನಿಮ್ಮ ಮರವೇ ಹೌದು. ಅದಕ್ಕೆ ನಾವು ಕೇಸರಿಬಾತ್ ತಿಂದಿದ್ದೆವು.

ಮರುದಿನ ಬೋಪಯ್ಯನವರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ಹಾಗಾದ್ರೆ ಇದು ದೊಡ್ಡಕಾಯಿ ಅಲ್ವಾ?”

“ಅಲ್ಲ ಅಂತ ನಾನೆಲ್ಲಿ ಹೇಳಿದೆ ಸರ್? ಹೌದೋ ಅಲ್ವೋ ಗೊತ್ತಿಲ್ಲ. ಮೊನ್ನೆವರೆಗೂ ಎಷ್ಟು ಗೊತ್ತಿತ್ತೋ ಅಷ್ಟೇ.”

“ಮಂಡಳಿಯವ್ರಿಗೆ ‘ಗೊತ್ತಿಲ್ಲ’ ಅನ್ನೋ ಮಾತು ಅರ್ಥ ಆಗಲ್ಲಮ್ಮ,” ಎಂದರು. “ಗುಡಾರಕ್ಕೆ ಹೋಗೋ ಕರೆಂಟ್‌ನ ಕೆಳಗಿನ ತಂಪುಮನೆಗಳಿಗೆ ಕೊಡಿ ಅಂತ ಈಗಾಗ್ಲೇ ಗಲಾಟೆ ಇದೆ. ಗೊತ್ತಿಲ್ಲ ಅಂದ್ರೆ ಅವ್ರು ಇಲ್ಲ ಅಂತ್ಲೇ ಕೇಳಿಸ್ಕೊಳ್ತಾರೆ. ಕೇಂದ್ರ ಮುಚ್ತಾರೆ. ನಿಮ್ಮ ಯಜಮಾನ್ರ ವಿಷಯ ಯೋಚ್ನೆ ಮಾಡಿದ್ದೀರಾ?”

“ನಿನ್ನೆಯಿಂದ ಬೇರೇನು ಯೋಚ್ನೆ ಮಾಡಿದೀನಿ ಸರ್?” ಎಂದೆ. ದನಿ ಏರಿತ್ತು. ಅವರು ತಪ್ಪು ತಿಳಿಯಲಿಲ್ಲ.

“ನಾನಾಗಿ ಯಾರಿಗೂ ಹೇಳಲ್ಲ,” ಎಂದರು. “ನೀವೂ ಹೇಳ್ದೇ ಇದ್ರೆ ನಿಮ್ಮನ್ನ ದೂರೋದೂ ಇಲ್ಲ. ವರದಿ ಮೇಲಿರೋ ಸಹಿ ನಿಮ್ದು. ನೀವೇ ತೀರ್ಮಾನ ಮಾಡಿ.”

ಒಳ್ಳೆಯ ಮನುಷ್ಯ, ಆದರೆ ಅಂಥ ಒಳ್ಳೆಯತನ ಕಟ್ಟಿಕೊಂಡು ನಾನೇನು ಮಾಡಲಿ? ಬೇಡ, ಬಾಯಿ ಮುಚ್ಚಿಕೊಂಡಿರು ಎಂದು ಗದರಿದ್ದರೆ ಸಿಟ್ಟು ಮಾಡಿಕೊಂಡು ಹೇಳಿಬಿಡುತ್ತಿದ್ದೆ. ಹೇಳು ಎಂದಿದ್ದರೆ ಅವರ ಮೇಲೆ ಹೊರಿಸುತ್ತಿದ್ದೆ. ಎರಡನ್ನೂ ಮಾಡದೆ ನನ್ನ ತಲೆಗೇ ಕಟ್ಟಿದರು.

ಮನೆಗೆ ಬಂದಾಗ ಇವರು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಸ್ವೆಟರ್ ಹಾಕಿಕೊಂಡಿದ್ದರು. ಬೆಟ್ಟದ ಮೇಲೆ ಸ್ವೆಟರ್ ಹಾಕಿಕೊಂಡು ಓಡಾಡುವುದೆಂದರೆ ಅವರಿಗೆ ದೊಡ್ಡ ಹೆಮ್ಮೆ, ಮದುವೆ ಗಂಡಿನ ಹಾಗೆ ಆಡುತ್ತಿದ್ದರು. ಅಲ್ಲೇ ಕಲ್ಲಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ.

“ಹೇಳ್ದಿದ್ರೆ ಏನಾಯ್ತದೆ?” ಎಂದು ಕೇಳಿದರು.

“ಸಸಿ ಅಲ್ಲಿಗೆ ಹೋಗುತ್ತೆ. ನೆಡ್ತಾರೆ. ಜನ ಗುಡ್ಡದ ಬುಡದಲ್ಲೇ ಉಳೀತಾರೆ. ಇದು ದೊಡ್ಡಕಾಯಿ ಅಲ್ದಿದ್ರೆ ಬಲಿತ ಮೇಲೆ ಎಲ್ಲಾ ಒಣಗ್ತವೆ. ಗುಡ್ಡ ಅವರ ಮೇಲೆ ಬರುತ್ತೆ.”

“ಅದೇ ಆಗಿದ್ರೆ?”

“ಆಗಿದ್ರೆ ಬದುಕ್ತಾರೆ.”

“ನಿಂಗೇನನ್ಸುತ್ತೆ, ಒಳಗೊಳಗೆ?”

“ನಂಗನ್ಸೋದನ್ನ ತಗೊಂಡು ಏನ್ಮಾಡ್ತೀರಿ! ಒಂದಿನ ಹೌದು ಅನ್ಸುತ್ತೆ, ಒಂದಿನ ಅಲ್ಲ ಅನ್ಸುತ್ತೆ.”

ಅವರು ಒದ್ದೆ ಪಂಚೆಯನ್ನು ಮಡಿಲಲ್ಲಿಟ್ಟುಕೊಂಡು ಹಿಂಡುತ್ತಲೇ ಇದ್ದರು. ಅದರಲ್ಲಿ ನೀರೇ ಉಳಿದಿರಲಿಲ್ಲ.

“ಬ್ರೇಕು ಹಿಡೀತದೋ ಇಲ್ವೋ ಗೊತ್ತಿಲ್ದೆ ಬಸ್ ತುಂಬ ಜನನ ತುಂಬ್ಕೊಂಡು ಘಾಟ್ ಇಳ್ಸಕಾಯ್ತದಾ ದಾಕ್ಷಿ?” ಎಂದರು. “ಹಿಡಿದ್ರೂ ಹಿಡೀಬೋದು. ಆದ್ರೂ ಇಳ್ಸಲ್ಲ ಯಾವ ಡ್ರೈವರ್ರೂ. ಹೇಳ್ಬುಡು.”

“ನೀವು ಸಾಯ್ತೀರಿ ಕಣ್ರೀ!” ಎಂದು ಕೂಗಿದೆ. “ಅದನ್ನ ಯೋಚ್ನೆ ಮಾಡಿ! ಅವರ್ಯಾರೋ, ಎಲ್ಲಿಯವರೋ, ಪರದೆ ಮೇಲೆ ನೋಡಿದೋರು. ನನಗಿರೋದು ನೀವೊಬ್ರು!”

“ಹಂಗೇನಿಲ್ಲ ಬುಡು. ತಂಪುಮನೆ ಅವಲ್ಲ, ಈಗ ಮೊದ್ಲಿನಂಗೆ ಕರೆಂಟ್ ಹೋಗಲ್ವಂತೆ,” ಎಂದರು. ಸುಳ್ಳು. ಇಬ್ಬರಿಗೂ ಗೊತ್ತಿತ್ತು. ಆಮೇಲೆ ಎದ್ದು, ಹಿಂಡಿದ ಪಂಚೆಯನ್ನೇ ಮತ್ತೊಮ್ಮೆ ಕೊಡವಿ ತಂತಿಯ ಮೇಲೆ ಹಾಕಿದರು. ಅವತ್ತಿಡೀ ನಾನು ಅವರ ಜೊತೆ ಮಾತಾಡಲಿಲ್ಲ. ಅಷ್ಟು ಸಿಟ್ಟು ಬಂದಿತ್ತು ಆ ಮನುಷ್ಯನ ಮೇಲೆ, ಅಷ್ಟು ಪ್ರೀತಿಯೂ ಬಂದಿತ್ತು.

ಲೋ ವೆನ್‌ಗೆ ನಾನೇ ಹೇಳಿದೆ, ಮಂಡಳಿಗೆ ಹೇಳುವುದಕ್ಕೂ ಮೊದಲು. ಬಾಗಿನದ ಬಟ್ಟೆಯ ಕಥೆಯನ್ನೂ ಹೇಳಿದೆ. ಅವಳಿಗೆ ತಕ್ಷಣ ಅರ್ಥವಾಯಿತು. ಅವರಲ್ಲೂ ಹಬ್ಬಕ್ಕೆ ಕೊಟ್ಟ ಹಣ್ಣಿನ ಬುಟ್ಟಿ ಹೀಗೇ ಮನೆಮನೆ ಸುತ್ತುತ್ತದಂತೆ. ನಗಲು ಹೋದಳು, ಆಗಲಿಲ್ಲ.

“ನೀವು ಹೇಳದೆಯೂ ಇರಬಹುದಾಗಿತ್ತು,” ಎಂದಿತು ಅವಳ ಯಂತ್ರ.

“ಹೌದು.”

“ನಾನು ನಿಮಗೆ ಕೃತಜ್ಞತೆ ಸಲ್ಲಿಸಬೇಕು. ಇಂದು ಸಾಧ್ಯವಾಗುತ್ತಿಲ್ಲ. ಕ್ಷಮಿಸಿರಿ,” ಎಂದು ಪರದೆ ಆರಿಸಿದಳು.

ಬೋಪಯ್ಯನವರು ಹೇಳಿದಂತೆಯೇ ಆಯಿತು. ‘ಗುರುತು ಖಚಿತವಿಲ್ಲ’ ಎಂದು ನಾನು ಹೇಳಿದ್ದನ್ನು ಮಂಡಳಿಯವರು ‘ಆ ಮರವಲ್ಲ’ ಎಂದು ಓದಿಕೊಂಡರು. ಗುಡಾರದ ಕರೆಂಟನ್ನು ಕಿತ್ತರು. ಪ್ರಯೋಗಶಾಲೆಯ ತಂಪುಕೋಣೆಯೂ ಆರಿತು, ಗಾಜಿನ ಬುಡ್ಡಿಗಳಲ್ಲಿ ಬೆರಳುದ್ದ ಬೆಳೆದಿದ್ದ ಸಸಿಗಳೆಲ್ಲ ಕಪ್ಪಗಾಗಿ ಕೊಳೆತವು. ನಾನೇ ಅವನ್ನು ಗೊಬ್ಬರದ ಗುಂಡಿಗೆ ಸುರಿದೆ. ಯಂತ್ರಗಳನ್ನು ಬಿಚ್ಚಿ ಇಳಿಸಲು ನಮಗೆ ಒಂದೂವರೆ ವರ್ಷದ ಗಡುವು ಸಿಕ್ಕಿತು. ಆಮೇಲೆ ಎಲ್ಲರ ಪರವಾನಗಿಯೂ ರದ್ದು.

ಮಂಗಳಕ್ಕ ನನ್ನ ಜೊತೆ ಮಾತು ಬಿಟ್ಟರು. ಬಿಡುವ ಮುಂಚೆ ಒಂದೇ ಮಾತು ಕೇಳಿದರು, ಬೇಲಿಯ ಆಚೆ ನಿಂತು: “ನಿನ್ನ ಸತ್ಯಾನ ನಿನ್ನ ಹೊಟ್ಟೇಲೇ ಇಟ್ಕೊಳ್ಳೋಕೆ ಆಗ್ಲಿಲ್ವೇನೇ? ನನ್ನ ಮೊಮ್ಮಗೂನ ಆ ಬೆಂಕಿಗೆ ಇಳಿಸ್ಬೇಕಲ್ಲೇ.”

ಗುಡಾರ ಬಿಚ್ಚಿದ ಮೇಲೆ ಮರ ಬಿಸಿಲಲ್ಲಿ ನಿಂತಿತು. ಆ ವರ್ಷ ಮಳೆಯೂ ಕೈಕೊಟ್ಟಿತು. ಬೇಸಿಗೆಯ ಒಂದು ಬೆಳಿಗ್ಗೆ, ಪೈಪುಗಳನ್ನು ಸುತ್ತಿಡುತ್ತಿದ್ದಾಗ, ತಲೆಯೆತ್ತಿ ನೋಡಿದವಳು ಪೈಪನ್ನು ಅಲ್ಲೇ ಬಿಟ್ಟೆ. ಮೇಲಿನ ರೆಂಬೆಗಳ ತುದಿಯಲ್ಲೆಲ್ಲ ಕೆಂಪು ಕಾಯಿಮೊಗ್ಗುಗಳು ನೆಟ್ಟಗೆ ನಿಂತಿದ್ದವು. ಒಂದಲ್ಲ ಎರಡಲ್ಲ, ಮೈತುಂಬ.

ಇವರು ಸುದ್ದಿ ಕೇಳಿ ಕುಣಿದಾಡಿಬಿಟ್ಟರು. “ನೋಡ್ದಾ! ನಾನ್ ಹೇಳ್ಲಿಲ್ವಾ! ಕಾಯಿ ಬುಡ್ತು ನಿನ್ ಮಹಾರಾಯ!” ಎಂದು ಪಾಯಸ ಮಾಡಿದರು. ನಾನು ಪಾಯಸ ಕುಡಿದೆ. ಸ್ಪ್ರೂಸ್ ಯಾವಾಗ ಹೀಗೆ ಮೈತುಂಬ ಕಾಯಿ ಬಿಡುತ್ತದೆಂದು ಅವರಿಗೆ ಹೇಳಲಿಲ್ಲ. ಎಲ್ಲ ಸಲವೂ ಹಾಗಲ್ಲ. ಆದರೆ ಎಂದೂ ಕಾಯಿ ಬಿಡದ ಮರ ಒಮ್ಮೆಲೇ ಮೈತುಂಬ ಬಿಟ್ಟರೆ ಅದು ಸಾಯಲು ಹೊರಟಿದೆ ಎಂದರ್ಥ. ಉಳಿದಿರುವ ಶಕ್ತಿಯನ್ನೆಲ್ಲ ಬೀಜಕ್ಕೆ ಸುರಿದುಬಿಡುತ್ತದೆ.

ಮೊಗ್ಗುಗಳು ಹಸಿರಾದವು, ತೂಕಕ್ಕೆ ತಲೆಕೆಳಗಾದವು, ದೀಪಾವಳಿಯ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿದವು. ಏಣಿ ಹಾಕಿ ಒಂದು ಕಾಯನ್ನು ನಾನೇ ಕಿತ್ತೆ. ನನ್ನ ಅಂಗೈ ತುಂಬಿ ಬೆರಳುಗಳ ಮೇಲೂ ಚಾಚಿತ್ತು. ಪದರಗಳು ಅಗಲ, ಗಟ್ಟಿ, ಹಳಬರು ವರ್ಣಿಸಿದಂತೆಯೇ ಅಂಚಿನಲ್ಲಿ ಕೋನ ಕೋನ. ಬೇರೆ ಯಾವ ದಾಯಾದಿಗೂ ಇಂಥ ಕಾಯಿ ಇಲ್ಲ. ಇದು ದೊಡ್ಡಕಾಯಿಯೇ ಆಗಿತ್ತು. ಮೊದಲಿನಿಂದಲೂ ಅದೇ ಆಗಿತ್ತು. ಯಾರೋ ಕುರುಡಾಗಿ ನಂಬಿ ನೆಟ್ಟ ಫಲಕ ನಿಜವಾಗಿತ್ತು.

ಏಣಿಯ ಬುಡದಲ್ಲೇ ಕುಳಿತು ಪದರ ಬಿಡಿಸಿ ಬೀಜ ಉದುರಿಸಿದೆ. ಒಂದನ್ನು ಉಗುರಿನಿಂದ ಒತ್ತಿದೆ. ಚಪ್ಪಟೆಯಾಯಿತು, ಒಳಗೆ ಏನೂ ಇರಲಿಲ್ಲ. ಇನ್ನೊಂದು ಒತ್ತಿದೆ. ಕಾಯಿಯ ಮೇಲೆ ಕಾಯಿ ಕಿತ್ತೆ, ಉಗುರು ಕಿತ್ತುಬರುವವರೆಗೂ ಒತ್ತಿದೆ. ಎಲ್ಲ ಜೊಳ್ಳು. ಜೊತೆಗೆ ಇನ್ನೊಂದು ಮರ ಇಲ್ಲದೆ ತನ್ನ ಪರಾಗ ತನಗೇ ಬಿದ್ದ ಸ್ಪ್ರೂಸಿನ ಬೀಜ ಹೆಚ್ಚಾಗಿ ಹಾಗೇ. ರೆಂಬೆಯೊಂದನ್ನು ಕತ್ತರಿಸಿ ನೋಡಿದರೆ ತೊಗಟೆಯ ಒಳಗೂ ಹಸಿರಿರಲಿಲ್ಲ, ಕಂದು. ಆ ಕಡ್ಡಿಯಿಂದ ಯಾವ ಸಸಿಯೂ ಏಳುವುದಿಲ್ಲ. ನಾನು ಆ ಮರಕ್ಕೆ ತಲೆಯಾನಿಸಿ ಗೋಳೋ ಎಂದು ಅತ್ತೆ. ನಿನ್ನನ್ನು ಕೊಂದವಳು ನಾನೇ, ನನ್ನ ಬಾಯಿ ಎಂದು ಅತ್ತೆ.

ಲೋ ವೆನ್‌ಗೆ ಕರೆ ಮಾಡಿದೆ. ಅವಳ ಹಿಂದೆ ಗುಡ್ಡ ಕಾಣಲಿಲ್ಲ, ಯಾವುದೋ ಊರಿನ ಎತ್ತರದ ಕಟ್ಟಡದ ಚಿಕ್ಕ ಕೋಣೆ. ಕಾಯನ್ನು ಪರದೆಗೆ ಹಿಡಿದೆ. ಅವಳು ಬಹಳ ಹೊತ್ತು ನೋಡಿದಳು. ಕೈ ಚಾಚಿ ಪರದೆಯನ್ನು ಮುಟ್ಟಿದಳು ಅನಿಸುತ್ತದೆ, ಚಿತ್ರ ಅಲುಗಾಡಿತು.

“ಎಷ್ಟು ದೊಡ್ಡದಾಗಿದೆ,” ಎಂದಿತು ಯಂತ್ರ.

“ಬೀಜ ಜೊಳ್ಳು.”

“ಊಹಿಸಿದ್ದೆನು.”

“ಊರು?”

“ಗ್ರಾಮಸ್ಥರು ಹೊರಟು ಹೋದರು. ಪ್ರತಿಯೊಬ್ಬರನ್ನೂ ಬೇರೆ ಬೇರೆ ನಗರಕ್ಕೆ ಕಳುಹಿಸಲಾಯಿತು. ಈ ನಗರದ ಶಾಖವನ್ನು ನನ್ನ ತಾಯಿಯು ಸಹಿಸಲಿಲ್ಲ. ಶ್ರಾವಣದಲ್ಲಿ ತೀರಿಕೊಂಡಳು.” ಅನುವಾದ ಯಂತ್ರಕ್ಕೆ ಅವರ ತಿಂಗಳಿಗೆ ನಮ್ಮ ತಿಂಗಳನ್ನು ಹಾಕಲು ಯಾರು ಕಲಿಸಿದ್ದರೋ.

“ಗುಡ್ಡ ಜಾರ್ತಾ?”

“ಇಲ್ಲ,” ಎಂದಳು ಲೋ ವೆನ್. “ಇನ್ನೂ ನಿಂತಿದೆ.”

ಆಮೇಲೂ ಯಾರೂ ಪರದೆ ಆರಿಸಲಿಲ್ಲ. ಅವಳು ಅಕ್ಕಿ ತೊಳೆದಳು. ನಾನು ಇಲ್ಲಿ ಕಾಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದೆ.

ಗಡುವು ಮುಗಿದದ್ದು ಶಿವರಾತ್ರಿಯ ಮರುವಾರ. ಅಷ್ಟರಲ್ಲಿ ಮರದ ಎಲೆಯೆಲ್ಲ ಉದುರಿ, ಕಾಯಿಗಳು ಮಾತ್ರ ನೇತಾಡುತ್ತಿದ್ದವು. ದೊಡ್ಡಕಾಯಿಯೇ ಎಂದು ಬೋಪಯ್ಯನವರು ಮಂಡಳಿಗೆ ತಿಳಿಸಿದರು. ಮರ ಬದುಕಿದೆಯೇ ಎಂದು ಮಂಡಳಿಯವರು ಕೇಳಿದರು. ಇಲ್ಲ ಎಂದರು. ಅಲ್ಲಿಗೆ ಮುಗಿಯಿತು.

ಕೇಂದ್ರದ ಕೊನೆಯ ಬಸ್ಸಿನಲ್ಲಿ ನಾವೆಲ್ಲ ಇಳಿದೆವು. ಇವರು ಕಿಟಕಿ ಪಕ್ಕ ಕುಳಿತು ಡ್ರೈವರನಿಗೆ ತಿರುವು ತಿರುವಿಗೂ ಸಲಹೆ ಕೊಡುತ್ತಿದ್ದರು. “ಗೇರ್ ಇಳ್ಸಪ್ಪ, ಬ್ರೇಕ್ ಮೇಲೇ ಬುಟ್ಟೀಯಾ!” ಎಲ್ಲರೂ ನಕ್ಕರು. ಮಂಗಳಕ್ಕ ಕೂಡ. ಅರ್ಧ ಘಾಟಿ ಇಳಿದಾಗ ಕಿಟಕಿಯಿಂದ ಬರುವ ಗಾಳಿ ಬದಲಾಯಿತು. ಇವರು ಸ್ವೆಟರ್ ಬಿಚ್ಚಿ ಮಡಿಸಿ ಬ್ಯಾಗಿನಲ್ಲಿಟ್ಟರು. ಇನ್ನಷ್ಟು ಇಳಿದ ಮೇಲೆ ಅಂಗಿಯ ಗುಂಡಿ ಬಿಚ್ಚಿದರು. ಡ್ರೈವರನಿಗೆ ಸಲಹೆ ಕೊಡುವುದು ನಿಂತಿತು.

ಬಯಲು ಕಾಣುವ ಹೊತ್ತಿಗೆ ಬಸ್ಸಿನಲ್ಲಿದ್ದವರೆಲ್ಲ ಬೆವರಿ ತೊಪ್ಪೆಯಾಗಿದ್ದರು. ಮಂಗಳಕ್ಕ ಸೆರಗಿನಿಂದ ಮೊಮ್ಮಗುವಿನ ಕುತ್ತಿಗೆ ಒರೆಸಿ ಒರೆಸಿ ಸಾಕಾಗಿ, “ಥೂ, ಏನ್ ಬೆವರಪ್ಪಾ ಇದು” ಎಂದು ಬೈದುಕೊಂಡರು. ನಾನು ಇವರ ಕಡೆ ತಿರುಗಿ ಹಣೆಯ ಮೇಲೆ ಕೈಯಿಟ್ಟೆ. ಅವರು ಕಣ್ಣು ಮುಚ್ಚಿಕೊಂಡೇ, “ಏನೂ ಆಗಿಲ್ಲ ಕಣೇ,” ಎಂದರು. ಹಣೆ ಸುಡುತ್ತಿತ್ತು. ಒಂದು ಹನಿಯೂ ಇರಲಿಲ್ಲ.